ಲೇಬರ್ ಶೆಡ್‌ನಲ್ಲಿರೋ ಬಸುರಿ, ತಾಯಿ ಕಾರ್ಡ್ ಇಲ್ಲ: ತಪಾಸಣೆ ಎಲ್ಲಿಂದ ಶುರು ಮಾಡ್ಬೇಕು?

ಥಣಿಸಂದ್ರ_ನೆರೆಮನೆ
ಎಲ್ರಿಗೂ ನಮಸ್ಕಾರ. ನಮ್ಮ ರಸ್ತೆ ಕೊನೇಲಿ ಅಪಾರ್ಟ್‌ಮೆಂಟ್ ಏಳ್ತಿದೆ. ಅಲ್ಲಿನ ತಗಡಿನ ಶೆಡ್‌ಗಳಲ್ಲಿ ಯಾದಗಿರಿ ಕಡೆಯವರು ಇದ್ದಾರೆ. ಅವರಲ್ಲೊಬ್ಬ ಹುಡುಗಿ, ಇಪ್ಪತ್ತರ ಆಸುಪಾಸು, ನಮ್ಮನೆ ನಲ್ಲಿಗೆ ನೀರಿಗೆ ಬರ್ತಾಳೆ. ಐದು ತಿಂಗಳು ತುಂಬಿದೆಯಂತೆ. ಇದುವರೆಗೂ ಬಿಪಿ ನೋಡ್ಸಿಲ್ಲ, ರಕ್ತ ಕೊಟ್ಟಿಲ್ಲ, ತಾಯಿ ಕಾರ್ಡ್ ಇಲ್ಲ. ಯಾವುದೋ ಖಾಸಗಿ ಸೆಂಟರ್‌ನಲ್ಲಿ ದುಡ್ಡು ಕೊಟ್ಟು ಒಂದು ಸ್ಕ್ಯಾನ್ ಮಾಡಿಸಿದ್ದಾರೆ, "ಮಗು ಚೆನ್ನಾಗಿದೆ ಅಂದ್ರು, ಇನ್ನೇನು ಬೇಕಕ್ಕ" ಅಂತಾಳೆ. ಆಧಾರ್ ಊರಲ್ಲಿದೆ. ಅರ್ಧ ದಿನ ಕೆಲಸ ಬಿಟ್ರೂ ಮೇಸ್ತ್ರಿ ಇಡೀ ದಿನದ ಕೂಲಿ ಹಿಡ್ಕೊಳ್ತಾನೆ.

ಇವಳನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ? ಆಧಾರ್ ಇಲ್ದೆ ನೋಡ್ತಾರಾ? ದೊಡ್ಡಾಸ್ಪತ್ರೆಗೇ ಹೋಗ್ಬೇಕಾ? ಗೊತ್ತಿರೋರು ದಯವಿಟ್ಟು ಹೇಳಿ.

ಹಳೇ_ಚಾಮರಾಜಪೇಟೆ
ವಾಣಿವಿಲಾಸಕ್ಕೆ ಕರ್ಕೊಂಡು ಹೋಗಿ ಮೇಡಂ. 1935ರಿಂದ ಇರೋ ಆಸ್ಪತ್ರೆ, ನಮ್ಮಮ್ಮ ನಮ್ಮನ್ನೆಲ್ಲ ಹೆತ್ತಿದ್ದು ಅಲ್ಲೇ. ರಾತ್ರಿ ಎರಡು ಗಂಟೆಗೆ ಹೋದ್ರೂ ಡಾಕ್ಟರ್ ಇರ್ತಾರೆ.

ಆಶಾ_ಅಕ್ಕ
ಅಣ್ಣ, ಹೆರಿಗೇಲಿ ಕಷ್ಟ ಬಂದ್ರೆ ವಾಣಿವಿಲಾಸ ಸರಿ. ತಿಂಗಳ ತಪಾಸಣೆಗೆ ಥಣಿಸಂದ್ರದಿಂದ ಮಾರ್ಕೆಟ್‌ವರೆಗೂ ಬಸ್ ಹತ್ತಿಸಿದ್ರೆ ಅವಳು ಮೊದಲನೇ ಸಲ ಬರ್ತಾಳೆ, ಎರಡನೇ ಸಲ ಬರಲ್ಲ. ನಾನು ಆಶಾ ಕಾರ್ಯಕರ್ತೆ, ಇದನ್ನ ವರ್ಷಗಳಿಂದ ನೋಡ್ತಿದ್ದೀನಿ.

ಮೇಡಂ, ಮೊದಲು ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲೇ ತಾಯಿ ಕಾರ್ಡ್ ಕೊಡ್ತಾರೆ, ಆರ್‌ಸಿಎಚ್ ನಂಬರ್, ಅಂದ್ರೆ ಬಸುರಿಯ ನೋಂದಣಿ ಸಂಖ್ಯೆ, ಹಾಕ್ತಾರೆ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳು 9ನೇ ತಾರೀಕು ಡಾಕ್ಟರೇ ಕೂತು ಬಸುರಿಯರನ್ನ ನೋಡ್ತಾರೆ, 2016ರಿಂದ ನಡೀತಿದೆ, ಎಲ್ಲ ಉಚಿತ. 9 ಭಾನುವಾರವೋ ರಜಾದಿನವೋ ಆದ್ರೆ ಮಾರನೇ ಕೆಲಸದ ದಿನ. ಆದ್ರೆ 9ರವರೆಗೂ ಕಾಯ್ಬೇಡಿ, ನಾಳೆನೇ ಹೆಸರು ಬರೆಸಿ. 12 ವಾರದೊಳಗೆ ಆಗ್ಬೇಕಿದ್ದ ಕೆಲಸ ಇದು.

ಆಧಾರ್ ಇಲ್ಲ ಅಂತ ತಪಾಸಣೆ ನಿಲ್ಲಿಸೋ ಹಾಗಿಲ್ಲ. ಬಸುರಿಯರಿಗೆ ಸರ್ಕಾರ ಕೊಡೋ ಮಾತೃವಂದನಾ ಹಣಕ್ಕೆ ಆಧಾರ್, ಬ್ಯಾಂಕ್ ಖಾತೆ ಬೇಕು, ಅದು ಬೇರೆ ವಿಷಯ. ಊರಿಂದ ಆಧಾರ್ ಫೋಟೋ ತೆಗೆದು ವಾಟ್ಸಾಪ್ ಮಾಡಕ್ಕೆ ಹೇಳಿ ಸದ್ಯಕ್ಕೆ.

ದಾಸರಹಳ್ಳಿ_ಟೈಲರ್
ಆಧಾರ್ ಇಲ್ಲದೆ ನೋಡ್ತಾರೆ ಅನ್ನೋದು ಹೇಳೋಕೆ ಚೆಂದ. 2022ರ ನವೆಂಬರ್‌ನಲ್ಲಿ ತುಮಕೂರಲ್ಲಿ ಏನಾಯ್ತು ಮರ್ತೋಯ್ತಾ? ಅವಳಿ ಮಕ್ಕಳ ಬಸುರಿ, ನೋವು ಬಂದು ಜಿಲ್ಲಾಸ್ಪತ್ರೆಗೆ ಹೋದ್ರೆ ತಾಯಿ ಕಾರ್ಡ್ ಎಲ್ಲಿ, ಆಧಾರ್ ಎಲ್ಲಿ ಅಂತ ವಾಪಸ್ ಕಳಿಸಿದ್ರು. ಮನೇಲೇ ತಾಯೀನೂ ಹೋದ್ಲು, ಎರಡು ಕೂಸೂ ಹೋದ್ವು.

ಆಶಾ_ಅಕ್ಕ
ಮರೆತಿಲ್ಲ ತಂಗಿ, ಮರೆಯೋಕೆ ಆಗೋದೂ ಇಲ್ಲ. ಆಮೇಲೇ ಅಲ್ವಾ ತುರ್ತು ಅಂತ ಬಂದವರಿಗೆ ದಾಖಲೆ ಕೇಳಬಾರದು ಅಂತ ಸರ್ಕಾರ ಖಡಕ್ಕಾಗಿ ಹೇಳಿದ್ದು. ಯಾರಾದ್ರೂ ಕೇಳಿದ್ರೆ "ತುರ್ತು ಕೇಸಿಗೆ ದಾಖಲೆ ಬೇಡ ಅಂತ ಆದೇಶ ಇದೆ, ಮೊದಲು ಒಳಗೆ ತಗೊಳ್ಳಿ" ಅಂತ ಗಟ್ಟಿಯಾಗಿ ಹೇಳಿ, ಅಲ್ಲೇ ನಿಂತು ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ಅದಕ್ಕೂ ಮುಂಚೆ ಕಾರ್ಡ್ ಮಾಡ್ಸಿಟ್ಕೊಂಡ್ರೆ ಅವಳು ಯಾರತ್ರನೂ ಬೇಡೋ ಸ್ಥಿತಿ ಬರಲ್ಲ.

ರಾತ್ರಿಪಾಳಿ_ಸಿಸ್ಟರ್
ಸ್ಟಾಫ್ ನರ್ಸ್ ನಾನು, ಹೆರಿಗೆ ವಾರ್ಡಲ್ಲೇ ಕೆಲಸ. "ಸ್ಕ್ಯಾನ್ ಆಯ್ತು, ಇನ್ನೇನು ಬೇಕು" ಅನ್ನೋ ಮಾತು ಕೇಳಿದ್ರೆ ನನಗೆ ಭಯ ಆಗುತ್ತೆ. ಸ್ಕ್ಯಾನು ಮಗು ಹೇಗಿದೆ ಅಂತ ಹೇಳುತ್ತೆ. ತಾಯಿಗೆ ಬಿಪಿ ಏರ್ತಿದ್ಯಾ, ರಕ್ತ ಕಡಿಮೆ ಇದ್ಯಾ ಅಂತ ಅದು ಹೇಳಲ್ಲ. ನಮ್ಮ ವಾರ್ಡಿಗೆ ಬಿಪಿ ಏರಿ ಫಿಟ್ಸ್ ಬಂದು ಎತ್ಕೊಂಡು ಬರೋ ಹೆಣ್ಣುಮಕ್ಕಳ ಕೈಯಲ್ಲಿ ಸ್ಕ್ಯಾನ್ ಫೈಲ್ ದಪ್ಪಗಿರುತ್ತೆ, ಬಿಪಿ ಬರೆದಿರೋ ಒಂದು ಚೀಟಿ ಇರಲ್ಲ.

ಪ್ರತಿ ಸಲ ಹೋದಾಗ್ಲೂ ಬಿಪಿ, ತೂಕ, ಹೊಟ್ಟೆ ಅಳತೆ, ಮೂತ್ರದಲ್ಲಿ ಪ್ರೋಟೀನು. ಹಿಮೋಗ್ಲೋಬಿನ್ ಪ್ರತಿ ಭೇಟಿಗೂ ನೋಡ್ಬೇಕು. ಇಷ್ಟಕ್ಕೆ ದೊಡ್ಡ ಮೆಷಿನ್ ಬೇಡ, ಬಿಪಿ ಪಟ್ಟಿ, ಟೇಪು, ಮೂತ್ರದ ಡಿಪ್‌ಸ್ಟಿಕ್ಕು ಸಾಕು. 24 ವಾರ ದಾಟಿದ್ಮೇಲೆ ಹೊಟ್ಟೆ ಎಷ್ಟು ಸೆಂಟಿಮೀಟರ್ ಬರುತ್ತೋ ಹೆಚ್ಚುಕಡಿಮೆ ಅಷ್ಟೇ ವಾರ ಇರ್ಬೇಕು, ಮೂರಕ್ಕಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಆಗ ಸ್ಕ್ಯಾನ್ ಮಾಡ್ಸೋದಕ್ಕೆ ಅರ್ಥ ಇದೆ.

ಬಿಪಿ ನೋಡೋ ರೀತಿ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ತಪ್ಪು ನಡೆಯೋದೇ ಇಲ್ಲಿ. ಬಸ್ಸಿಳಿದು ಓಡಿ ಬಂದವಳನ್ನ ನಿಲ್ಸಿಕೊಂಡು ರವಿಕೆ ತೋಳಿನ ಮೇಲೇ ಪಟ್ಟಿ ಸುತ್ತಿ ನೋಡಿದ್ರೆ ಅದು ಬಿಪಿ ಅಲ್ಲ. ಐದು ನಿಮಿಷ ಕೂರಿಸಿ, ಬೆನ್ನಿಗೆ ಆಸರೆ, ಕಾಲು ನೆಲಕ್ಕೆ, ತೋಳು ಎದೆ ಮಟ್ಟಕ್ಕೆ. 140/90 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಕೂರಿಸಿ ಮತ್ತೊಮ್ಮೆ ನೋಡಿ, ಆಗ್ಲೂ ಹಾಗೇ ಇದ್ರೆ ಆ ದಿನವೇ ಡಾಕ್ಟರ್. "ಬಿಸಿಲಲ್ಲಿ ಬಂದಿದ್ದಾಳೆ, ಅದಕ್ಕೆ" ಅಂತ ಕಳಿಸಬಾರದು.

ತಲೆ ಸಿಡಿಯೋ ನೋವು, ಕಣ್ಣು ಮಂಜು, ಮುಖ ಕೈ ಊತ, ಎದೆಗುಂಡಿ ಹತ್ರ ನೋವು, ರಕ್ತ ಹೋಗೋದು, ನೀರು ಹೋಗೋದು, ಮಗು ಒದೆಯೋದು ಕಡಿಮೆ ಆಗೋದು. ಇವುಗಳಲ್ಲಿ ಯಾವುದಿದ್ರೂ ಬೆಳಗಾಗ್ಲಿ ಅಂತ ಕಾಯ್ಬೇಡಿ.

ಮಾರತಹಳ್ಳಿ_ಕೋಡರ್
ಸಿಸ್ಟರ್, ಸ್ವಲ್ಪ ಒಪ್ಪಲ್ಲ. ನನ್ನ ಹೆಂಡತಿಗೆ ಪ್ರತಿ ತಿಂಗಳೂ ಸ್ಕ್ಯಾನ್ ಇತ್ತು, ಅದ್ರಲ್ಲೇ ನೀರು ಕಡಿಮೆ ಆಗಿರೋದು ಗೊತ್ತಾಗಿದ್ದು. ಬಡವರು ಅಂತ ಟೇಪ್ ಅಳತೆಗೆ ನಿಲ್ಸೋದು ಸರೀನಾ?

ರಾತ್ರಿಪಾಳಿ_ಸಿಸ್ಟರ್
ನಿಲ್ಸಿ ಅಂತ ಹೇಳಿಲ್ಲ ಸರ್. 18ರಿಂದ 20 ವಾರಕ್ಕೆ ಅಂಗಾಂಗ ನೋಡೋ ಸ್ಕ್ಯಾನ್ ಎಲ್ಲರಿಗೂ ಬೇಕು. ಆದ್ರೆ ನಿಮ್ಮ ಹೆಂಡತಿಗೆ ಪ್ರತಿ ಸ್ಕ್ಯಾನ್ ದಿನವೂ ಬಿಪಿ ನೋಡಿದ್ರಾ, ಇಲ್ವಾ? ನೋಡಿರ್ತಾರೆ. ಅದು ನಿಮಗೆ ಕಾಣೋದೇ ಇಲ್ಲ, ಅಷ್ಟು ಸಹಜ. ಶೆಡ್ಡಿನ ಹುಡುಗಿಗೆ ಒಂದು ಸ್ಕ್ಯಾನಿಗೆ ಕೊಟ್ಟ ದುಡ್ಡು ಒಂದು ವಾರದ ಊಟದ ದುಡ್ಡು, ಆದ್ರೆ ಉಚಿತವಾಗಿ ಸಿಗೋ ಬಿಪಿ ತಪ್ಪಿಹೋಗಿದೆ. ನನ್ನ ಸಂಕಟ ಅದು.

ಮಾರತಹಳ್ಳಿ_ಕೋಡರ್
ಸರಿ, ಈಗ ಅರ್ಥ ಆಯ್ತು.

ಥಣಿಸಂದ್ರ_ನೆರೆಮನೆ
ನಿಮಗೆಲ್ಲ ಧನ್ಯವಾದ. ಇವತ್ತು ಹೋಗಿ ಬಂದ್ವಿ. ಆಧಾರ್ ಬಗ್ಗೆ ಒಂದು ಸಲ ಕೇಳಿದ್ರು, ಫೋಟೋ ತೋರಿಸ್ದೆ, ಕಾರ್ಡ್ ಬರೆದುಕೊಟ್ರು. ಬಿಪಿ 110/70. ಹಿಮೋಗ್ಲೋಬಿನ್ 8.6 ಬಂದಿದೆ. ಕಬ್ಬಿಣದ ಕೆಂಪು ಮಾತ್ರೆ ದಿನಕ್ಕೆ ಎರಡು, ಕ್ಯಾಲ್ಸಿಯಂ ಎರಡು, ಜಂತುಹುಳದ ಮಾತ್ರೆ ಒಂದು ಕೊಟ್ಟಿದ್ದಾರೆ, ಧನುರ್ವಾಯು ತಡೆಯೋ ಟಿಡಿ ಚುಚ್ಚುಮದ್ದು ಹಾಕಿದ್ದಾರೆ. ಸಿಹಿ ನೀರು ಕುಡಿಸಿ ಎರಡು ಗಂಟೆ ಕೂರಿಸಿ ರಕ್ತ ತಗೊಂಡ್ರು, ಅದು 112. ಅತ್ತೆ ಅಂತೂ ಮಾತ್ರೆ ಮುಟ್ಟಬೇಡ, ಮಗು ಕಪ್ಪಾಗುತ್ತೆ, ದಪ್ಪ ಆದ್ರೆ ಹೆರಿಗೆ ಕಷ್ಟ ಅಂತ ಹಿಡ್ಕೊಂಡಿದ್ದಾರೆ. ಏನು ಹೇಳ್ಲಿ?

ಆಶಾ_ಅಕ್ಕ
ಸಕ್ಕರೆ ಪರೀಕ್ಷೇಲಿ 140ರ ಒಳಗಿದ್ರೆ ಸರಿ, 24ರಿಂದ 28 ವಾರದಲ್ಲಿ ಮತ್ತೊಮ್ಮೆ ಮಾಡ್ಸಿ.

ಅತ್ತೆಗೆ ಬುದ್ಧಿ ಹೇಳೋಕೆ ಹೋಗ್ಬೇಡಿ, ಅವರನ್ನೇ ಜೊತೆಗೆ ಕರ್ಕೊಂಡು ಹೋಗಿ. ನಾನು ಮನೆಗೆ ಹೋದಾಗ ಮೊದಲು ಮಾತಾಡ್ಸೋದು ಅತ್ತೇನ. "ಹೆರಿಗೆ ಟೈಮಲ್ಲಿ ರಕ್ತ ಹೋಗುತ್ತಲ್ಲಮ್ಮ, ಈಗ್ಲೇ ಇವಳಲ್ಲಿ ಕಡಿಮೆ ಇದೆ, ಆವತ್ತು ಎಲ್ಲಿಂದ ತರೋಣ" ಅಂತ ಕೇಳ್ತೀನಿ. ಹೆತ್ತವರಿಗೆ ಆ ಮಾತು ತಟ್ಟುತ್ತೆ. ಮಾತ್ರೆ ತಗೊಂಡ್ರೆ ಮಲ ಕಪ್ಪಾಗುತ್ತೆ, ಮಗು ಅಲ್ಲ, ಇದನ್ನ ಮುಂಚೆನೇ ಹೇಳಿಬಿಡಿ. ಇಲ್ದಿದ್ರೆ ಎರಡನೇ ದಿನ ಗಾಬರಿಯಾಗಿ ಮಾತ್ರೆ ಕಸದ ಬುಟ್ಟಿ ಸೇರುತ್ತೆ.

ಮಂಡ್ಯದಮ್ಮ_ವಿಜಯನಗರ
ಮಾತ್ರೆ ಯಾಕೆ? ಎರಡು ಹೊತ್ತು ರಾಗಿ ಮುದ್ದೆ, ಸೊಪ್ಪಿನ ಸಾರು ಹಾಕಿ. ನಾವು ನಾಲ್ಕು ಹೆತ್ತಿದ್ದು ಅದರಲ್ಲೇ.

ರಾತ್ರಿಪಾಳಿ_ಸಿಸ್ಟರ್
ಅಮ್ಮ, ಮುದ್ದೆ ಖಂಡಿತ ಹಾಕ್ಲಿ. ರಾಗೀಲಿ ಕ್ಯಾಲ್ಸಿಯಂ ತುಂಬಾ ಇದೆ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ. ಆದ್ರೆ ಅದರಲ್ಲಿರೋ ಕಬ್ಬಿಣ ಮೈಗೆ ಹತ್ತೋದು ಬಹಳ ಕಡಿಮೆ. 8.6 ಇರೋಳಿಗೆ ಊಟದಿಂದಲೇ ಹೆರಿಗೆಯೊಳಗೆ, ಇರಬೇಕಾದ 11 ಮುಟ್ಟಿಸೋಕೆ ಆಗಲ್ಲ. ಆ ಕೆಂಪು ಮಾತ್ರೆ ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತೆ. ರಕ್ತ ಸರಿ ಇರೋರಿಗೂ ನಾಲ್ಕನೇ ತಿಂಗಳಿಂದ 180 ದಿನ, ಹೆರಿಗೆ ಆದ್ಮೇಲೆ ಇನ್ನೂ 180 ದಿನ ದಿನಕ್ಕೊಂದು ಇದ್ದೇ ಇದೆ. ದೇಶದಲ್ಲಿ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ರಕ್ತಹೀನತೆ ಇದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ, 52.2 ಪರ್ಸೆಂಟ್.

ತಗೊಳ್ಳೋ ರೀತೀನೂ ಮುಖ್ಯ. ಕಬ್ಬಿಣ, ಕ್ಯಾಲ್ಸಿಯಂ ಒಟ್ಟಿಗೆ ನುಂಗಿದ್ರೆ ಒಂದಕ್ಕೊಂದು ಅಡ್ಡಿ, ಎರಡು ಗಂಟೆ ಅಂತರ ಇರ್ಲಿ. ಮಾತ್ರೆ ಹಿಂದೆ ಮುಂದೆ ಒಂದು ಗಂಟೆ ಟೀ ಬೇಡ. ನಿಂಬೆ ನೀರು, ನೆಲ್ಲಿಕಾಯಿ ಒಳ್ಳೇದು. ವಾಕರಿಕೆ ಬಂದ್ರೆ ರಾತ್ರಿ ಮಲಗೋ ಮುಂಚೆ. ಒಂದು ತಿಂಗಳಲ್ಲಿ ಒಂದು ಗ್ರಾಂ ಆದ್ರೂ ಏರದಿದ್ರೆ ದೊಡ್ಡಾಸ್ಪತ್ರೆಗೆ ಕಳಿಸಿ ಅಂತ ಕೇಳಿ, ಕಬ್ಬಿಣದ ಇಂಜೆಕ್ಷನ್ ಡ್ರಿಪ್ ಮೂಲಕ ಕೊಡ್ತಾರೆ. 7ಕ್ಕಿಂತ ಕೆಳಗೆ ಇಳಿದ್ರೆ ಅಡ್ಮಿಟ್ಟೇ.

ಹಳೇ_ಚಾಮರಾಜಪೇಟೆ
ಕಟ್ಟಡದಲ್ಲಿ ಟೀ ಬಿಡಿಸೋದು ಆಗೋ ಮಾತಾ? ಹೊಟ್ಟೆ ಹಸಿವಿಗೆ ಅವರು ಕುಡಿಯೋದೇ ಟೀ.

ಆಶಾ_ಅಕ್ಕ
ನಿಜ ಅಣ್ಣ. ಅದಕ್ಕೇ ಅಂಗನವಾಡೀಲಿ ಹೆಸರು ಬರೆಸೋದು ತಪಾಸಣೆಯಷ್ಟೇ ಮುಖ್ಯ. ಮಾತೃಪೂರ್ಣ ಯೋಜನೇಲಿ ಬಸುರಿ ಬಾಣಂತಿಯರಿಗೆ ಮಧ್ಯಾಹ್ನ ಬಿಸಿಯೂಟ, ಹಾಲು, ಮೊಟ್ಟೆ ಇದೆ, 2017ರಿಂದ. ಶೆಡ್ಡಿನವರು ನಮಗಲ್ಲ ಅಂದ್ಕೊಂಡು ಹೋಗೋದೇ ಇಲ್ಲ.

ಯಲಹಂಕ_ತೆರಿಗೆದಾರ
ಖಾರ ಅನ್ನಿಸಬಹುದು, ಆದ್ರೂ ಹೇಳ್ತೀನಿ. ಊರಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರ ಇದೆ, ಬಸುರೀನ ಬೆಂಗಳೂರಿಗೆ ಯಾಕೆ ಕರ್ಕೊಂಡು ಬರ್ಬೇಕು? ಇಲ್ಲಿನ ಕ್ಲಿನಿಕ್‌ಗಳಲ್ಲಿ ನಮ್ಮವರಿಗೇ ಟೋಕನ್ ಸಿಗಲ್ಲ.

ಸುರಪುರದಾಕಿ
ಅಣ್ಣಾರ, ನಾವು ಹೊಟ್ಟಿಪಾಡಿಗೆ ಬರ್ತೀವ್ರಿ, ಹಬ್ಬಕ್ಕ ಬರಂಗಿಲ್ಲ. ಗಂಡ ಇಲ್ಲಿ ದುಡೀತಾನ, ಊರಾಗ ಅತ್ತಿ ಮಾವ ಇಲ್ಲ, ಒಬ್ಬಾಕಿ ಹೆಂಗ ಇರಬೇಕು? ನಿಮ್ಮ ಯಲಹಂಕದ ಮನಿ ಕಟ್ಟಿದ ಕೈ ನಮ್ಮ ಕಡೀವೇ ಅದಾವ. ನಮ್ಮ ಹೆಣ್ಣುಮಕ್ಕಳು ನಿಮ್ಮವರಲ್ಲೇನು?

ದಾಸರಹಳ್ಳಿ_ಟೈಲರ್
ಸರಿಯಾಗಿ ಹೇಳಿದ್ರಿ ಅಕ್ಕ. ಟೋಕನ್ ಕಡಿಮೆ ಇದ್ರೆ ಸಿಬ್ಬಂದಿ ಜಾಸ್ತಿ ಕೊಡಿ ಅಂತ ಕೇಳ್ಬೇಕು, ಬಸುರಿ ಬರ್ಬೇಡಿ ಅಂತ ಅಲ್ಲ.

ನನ್ನದೂ ಒಂದು ಮಾತಿದೆ. ಗಾರ್ಮೆಂಟ್ಸಲ್ಲಿರೋ ನಮಗೂ ಇದೇ ಕಷ್ಟ. ಕ್ಲಿನಿಕ್ ತೆರೆದಿರೋ ಹೊತ್ತಿಗೆ ನಾವು ಲೈನಲ್ಲಿ ಕೂತಿರ್ತೀವಿ. ನಾನು ಬಸುರಿ ಇದ್ದಾಗ ಕೆಲಸ ಮಾಡ್ತಿದ್ದ ಕಡೆ ಸೂಪರ್‌ವೈಸರ್ ಬಾತ್‌ರೂಮಿಗೆ ಹೋದ್ರೂ ಗಡಿಯಾರ ನೋಡ್ತಿದ್ದ, ನೀರು ಕುಡಿಯೋದೇ ಬಿಟ್ಟಿದ್ದೆ. ಮೂತ್ರದ ಸೋಂಕಾಗಿ ಚಳಿಜ್ವರ ಬಂತು. ಡಾಕ್ಟರ್ ಆಮೇಲೆ ಹೇಳಿದ್ರು, ಆ ಸೋಂಕನ್ನ ಬಿಟ್ರೆ ದಿನ ತುಂಬೋ ಮುಂಚೆನೇ ಹೆರಿಗೆ ಆಗಬಹುದು ಅಂತ. ತಪಾಸಣೆ ಬಗ್ಗೆ ಎಷ್ಟು ಹೇಳಿದ್ರೂ ಬಸುರಿಗೆ ನೀರು ಕುಡಿಯೋಕೆ ಬಿಡದ ಕೆಲಸದ ಬಗ್ಗೆ ಯಾರೂ ಮಾತಾಡಲ್ಲ.

ಲೇಬರ್_ವಕೀಲೆ
ಹೆರಿಗೆ ಭತ್ಯೆ ಕಾಯ್ದೆ ಬಂದಿದ್ದು 1961ರಲ್ಲಿ, 2025ರ ನವೆಂಬರ್‌ನಿಂದ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. 2017ರ ತಿದ್ದುಪಡಿ ಆದ್ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ. ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದ್ರೆ ಹಣ ಅಲ್ಲಿಂದ ಬರುತ್ತೆ. ಬಸುರಿ ಅಂತ ಕೆಲಸದಿಂದ ತೆಗೆಯೋದು ಅಪರಾಧ. ಕಟ್ಟಡ ಕಾರ್ಮಿಕರಾದ್ರೆ ಕಲ್ಯಾಣ ಮಂಡಳೀಲಿ ನೋಂದಣಿ ಆಗಿದ್ಯಾ ನೋಡಿ, ಅಲ್ಲೂ ಹೆರಿಗೆ ಸಹಾಯಧನ ಇದೆ. ಮೇಡಂ, ಆ ಹುಡುಗಿಗೆ ಕಾರ್ಮಿಕ ಕಾರ್ಡ್ ಇದ್ಯಾ ಕೇಳಿ.

ಥಣಿಸಂದ್ರ_ನೆರೆಮನೆ
ಗಂಡನಿಗೆ ಇದೆ, ಅವಳಿಗಿಲ್ಲ. ಮಾಡಿಸೋಕೆ ನೋಡ್ತೀನಿ. ಇನ್ನೊಂದು ವಿಷಯ, ಏಳನೇ ತಿಂಗಳಿಗೆ ತವರಿಗೆ ಹೋಗ್ತಾಳಂತೆ.

ಸುರಪುರದಾಕಿ
ಹೋಗೇ ಹೋಗ್ತಾಳ್ರಿ. ಏಳರಾಗ ಕುಬುಸ ಮಾಡ್ತಾರ, ಹಸಿರು ಸೀರಿ ಉಡಸ್ತಾರ, ತವರಿನವರು ಕರ್ಕೊಂಡು ಹೋಗ್ತಾರ. ಅದನ್ನ ತಪ್ಪಸಬ್ಯಾಡ್ರಿ. ಆ ದಿನಕ್ಕ ಆಕಿ ಎಷ್ಟು ಕಾದಿರ್ತಾಳ ನಿಮಗ ಗೊತ್ತಿಲ್ಲ.

ರಾತ್ರಿಪಾಳಿ_ಸಿಸ್ಟರ್
ತಪ್ಪಿಸೋದು ಬೇಡ. ಆದ್ರೆ ನನ್ನ ಪ್ರಕಾರ ಈ ಚರ್ಚೆಯಲ್ಲಿ ಅತಿ ಮುಖ್ಯವಾದ ವಿಷಯ ಇದೇ. ಬಿಪಿ ಏರೋದು, ಊತ ಬರೋದು ಹೆಚ್ಚಾಗಿ ಕೊನೇ ಮೂರು ತಿಂಗಳಲ್ಲಿ. ಅದೇ ಹೊತ್ತಿಗೆ ಹುಡುಗಿ ಊರು ಬದಲಿಸ್ತಾಳೆ. ಇಲ್ಲಿನ ಸಿಸ್ಟರ್ "ತವರಿಗೆ ಹೋದ್ಲು" ಅಂತ ಬರೀತಾರೆ, ಅಲ್ಲಿನ ಸಿಸ್ಟರ್‌ಗೆ ಇವಳು ಬಂದಿರೋದೇ ಗೊತ್ತಿರಲ್ಲ. ಇಬ್ಬರ ನಡುವೆ ಎರಡು ತಿಂಗಳು ಯಾರೂ ಬಿಪಿ ನೋಡಿರಲ್ಲ. ನೋವು ಬಂದಾಗ ನೇರ ಆಸ್ಪತ್ರೆಗೆ ಬರ್ತಾಳೆ, ಆಗ 170/110 ಇರುತ್ತೆ. ಮೆಗ್ನೀಷಿಯಂ ಸಲ್ಫೇಟ್ ಇದ್ರೆ ಫಿಟ್ಸ್ ತಡೀಬಹುದು, 2002ರಲ್ಲೇ ದೊಡ್ಡ ಅಂತರರಾಷ್ಟ್ರೀಯ ಪ್ರಯೋಗದಲ್ಲಿ ಅದು ಅರ್ಧಕ್ಕಿಂತ ಹೆಚ್ಚು ಫಿಟ್ಸ್ ತಡೆದಿದ್ದು ಸಾಬೀತಾಗಿದೆ. ಔಷಧಿ ಅಗ್ಗ. ಆದ್ರೆ ಕೊಡೋಕೆ ಅವಳು ನಮ್ಮ ಕಣ್ಣಿಗೆ ಬೀಳ್ಬೇಕಲ್ಲ?

ಹೊರಡೋ ವಾರ ಕೊನೇ ತಪಾಸಣೆ ಮಾಡಿಸಿ. ತಾಯಿ ಕಾರ್ಡಿನ ಪ್ರತಿ ಪುಟದ ಫೋಟೋ ಗಂಡನ ಫೋನಲ್ಲೂ ತವರಿನವರ ಫೋನಲ್ಲೂ ಇರ್ಲಿ. ರಕ್ತದ ಗುಂಪು ಕಾರ್ಡಿನ ಮೇಲೇ ದೊಡ್ಡದಾಗಿ ಬರೀರಿ. ನೆಗೆಟಿವ್ ಆಗಿದ್ದು ಗಂಡ ಪಾಸಿಟಿವ್ ಇದ್ರೆ 28 ವಾರಕ್ಕೆ ಆಂಟಿ-ಡಿ ಅನ್ನೋ ಚುಚ್ಚುಮದ್ದು ಬೇಕು, ಅದೂ ಸರಿಯಾಗಿ ಊರಿಗೆ ಹೋಗೋ ಹೊತ್ತಿಗೇ ಬರುತ್ತೆ. ಮಾತ್ರೆ ಎರಡು ತಿಂಗಳಿಗಾಗೋಷ್ಟು ಕೇಳಿ ತಗೊಳ್ಳಿ.

ಆಶಾ_ಅಕ್ಕ
ಸಿಸ್ಟರ್ ಮಾತಿಗೆ ಇನ್ನೊಂದು ಸೇರಿಸ್ತೀನಿ. ನಾನು ಹೊರಡೋರಿಂದ ಆ ಊರಿನ ಆಶಾ ನಂಬರ್ ತರಿಸ್ಕೊಳ್ತೀನಿ, ಅಂಗನವಾಡಿ ಟೀಚರ್ ನಂಬರ್ ಆದ್ರೂ ಸರಿ. "ನಿಮ್ಮೂರ ಹುಡುಗಿ ಬರ್ತಿದ್ದಾಳೆ, ರಕ್ತ ಕಡಿಮೆ ಇದೆ, ಬಂದ ವಾರವೇ ನೋಡಿ" ಅಂತ ಫೋನ್ ಮಾಡ್ತೀನಿ. ಆರ್‌ಸಿಎಚ್ ನಂಬರ್ ಹೇಳಿದ್ರೆ ಅಲ್ಲಿ ಹೊಸದಾಗಿ ಶುರು ಮಾಡ್ಬೇಕಾಗಿಲ್ಲ. ಇದಕ್ಕೆ ಯಾವ ಪ್ರೋತ್ಸಾಹಧನಾನೂ ಇಲ್ಲ. ಆದ್ರೂ ಮಾಡ್ತೀವಿ.

ಹಳೇ_ಚಾಮರಾಜಪೇಟೆ
ಇಷ್ಟೆಲ್ಲ ಮಾಡೋ ನಿಮಗೆ ಕೊಡೋದು ಗೌರವಧನ! 2025ರ ಜನವರೀಲಿ ಫ್ರೀಡಂ ಪಾರ್ಕಲ್ಲಿ ಚಳೀಲಿ ಕೂತಿದ್ರಲ್ಲ ಆಶಾಗಳು, ಗೌರವಧನ ಜಾಸ್ತಿ ಮಾಡಿ ಅಂತ. ನೋಡಿ ಹೊಟ್ಟೆ ಉರೀತು.

ಆಶಾ_ಅಕ್ಕ
ನಾನೂ ಇದ್ದೆ ಅಣ್ಣ. ಅದನ್ನ ಬೇರೆ ಚರ್ಚೇಲಿ ಮಾತಾಡೋಣ, ಇಲ್ಲಿ ಆ ಹುಡುಗಿ ವಿಷಯ ನಡೀಲಿ.

ಸಮುದಾಯ_ಆರೋಗ್ಯ_ವಿದ್ಯಾರ್ಥಿ
ಶೆಡ್ಡಲ್ಲಿ ಬೇರೆ ಬಸುರಿಯರೂ ಇರ್ತಾರಲ್ವಾ? ಜಾರ್ಖಂಡ್, ಒಡಿಶಾದ ಬುಡಕಟ್ಟು ಹಳ್ಳಿಗಳಲ್ಲಿ ಏಕ್‌ಜುಟ್ ಅನ್ನೋ ಸಂಸ್ಥೆ ತಿಂಗಳಿಗೊಮ್ಮೆ ಹೆಂಗಸರನ್ನ ಸುತ್ತ ಕೂರಿಸಿ ಮಾತಾಡಿಸ್ತಿತ್ತು. ಯಾರ ಮನೇಲಿ ಯಾಕೆ ಕೂಸು ಹೋಯ್ತು, ಮುಂದಿನ ಸಲ ಏನು ಮಾಡೋಣ, ಗಾಡಿ ಯಾರದ್ದು ಅಂತ. ಓದು ಬರಹ ಬರದವರಿಗೂ ಅರ್ಥವಾಗೋ ಹಾಗೆ ಚಿತ್ರ, ಕಥೆ, ಆಟ. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನವಜಾತ ಶಿಶುಗಳ ಸಾವು 32 ಪರ್ಸೆಂಟ್ ಕಡಿಮೆ ಆಗಿತ್ತು. ವಿಶ್ವ ಆರೋಗ್ಯ ಸಂಸ್ಥೇನೂ 2014ರಲ್ಲಿ ಇಂಥ ಗುಂಪುಗಳನ್ನ ಶಿಫಾರಸು ಮಾಡ್ತು.

ಮಾರತಹಳ್ಳಿ_ಕೋಡರ್
ಹಳ್ಳೀಲಿ ಎಲ್ಲ ಒಂದೇ ಊರಿನವರು. ಶೆಡ್ಡಲ್ಲಿ ಯಾದಗಿರಿ, ಬಿಹಾರ, ಬಂಗಾಳ ಎಲ್ಲ ಸೇರಿರ್ತಾರೆ, ಮೂರು ತಿಂಗಳಿಗೆ ಸೈಟ್ ಬದಲಾಗುತ್ತೆ. ನಡೆಯುತ್ತಾ?

ಸುರಪುರದಾಕಿ
ಯಾಕ ನಡಿಯಂಗಿಲ್ರಿ? ನೀರಿನ ಟ್ಯಾಂಕರ್ ಬಂದಾಗ ಎಲ್ಲಾರೂ ಕೂಡೇ ಕೂಡ್ತಾರ. ಮಾತಾಡೋರು ಒಬ್ಬರು ಬೇಕು, ಅಷ್ಟ.

ಆಟೋ_ಹೆಬ್ಬಾಳ
ನಾನು ಆಟೋ ಓಡಿಸೋನು, ಒಂದು ಮಾತು. ಶೆಡ್ಡಿಗೆ ವಿಳಾಸ ಇರಲ್ಲ. 108ಕ್ಕೆ ಫೋನ್ ಮಾಡಿದ್ರೆ "ಯಾವ ರಸ್ತೆ, ಯಾವ ಕ್ರಾಸ್" ಅಂತಾರೆ, ಇವರಿಗೆ ಹೇಳೋಕೆ ಬರಲ್ಲ. ಎಷ್ಟೋ ಸಲ ಆಂಬುಲೆನ್ಸ್ ಮೇನ್ ರೋಡಲ್ಲಿ ನಿಂತು ಹುಡುಕ್ತಿರುತ್ತೆ. ಈಗ್ಲೇ ಹತ್ತಿರದ ದೇವಸ್ಥಾನವೋ ಪೆಟ್ರೋಲ್ ಬಂಕೋ ಗುರುತಿಟ್ಟು ಒಂದು ಕಾಗದದಲ್ಲಿ ಬರೆದು ಶೆಡ್ಡಿನ ಬಾಗಿಲಿಗೆ ಅಂಟಿಸಿ. ಸೈಟಿನ ವಾಚ್‌ಮನ್‌ಗೂ ಹೇಳಿಡಿ, ರಾತ್ರಿ ಗೇಟ್ ಬೀಗ ಹಾಕಿರ್ತಾರೆ.

ರಾತ್ರಿಪಾಳಿ_ಸಿಸ್ಟರ್
ಗೇಟ್ ಬೀಗ! ಇದು ನಮಗೆ ಹೊಳೆದೇ ಇರಲ್ಲ. ಧನ್ಯವಾದ ಅಣ್ಣ.

ಥಣಿಸಂದ್ರ_ನೆರೆಮನೆ
ವಾಚ್‌ಮನ್ ಹತ್ರ ಮಾತಾಡ್ದೆ, ಬೀಗದ ಕೈ ಇನ್ನೊಂದು ಅವಳ ಗಂಡನ ಹತ್ರ ಇರುತ್ತೆ. ಒಂದು ಪ್ರಶ್ನೆ ಉಳಿದಿದೆ. ಊರಿಗೆ ರಾತ್ರಿ ಬಸ್ಸಲ್ಲಿ ಹೋಗ್ಬಹುದಾ, ರೈಲೇ ಬೇಕಾ?

ರಾತ್ರಿಪಾಳಿ_ಸಿಸ್ಟರ್
ರೈಲು ಒಳ್ಳೇದು. ಮಲಗಬಹುದು, ಎದ್ದು ಓಡಾಡಬಹುದು, ಶೌಚಾಲಯ ಇರುತ್ತೆ. ಯಾದಗಿರಿಗೆ ನೇರ ರೈಲಿದೆ, ಕೆಳಗಿನ ಬರ್ತ್ ಕೇಳಿ. ಹೊರಡೋ ಮುಂಚೆ ಬಿಪಿ 140/90 ದಾಟಿದ್ರೆ ಅಥವಾ ರಕ್ತ ಹೋಗ್ತಿದ್ರೆ ಟಿಕೆಟ್ ಕ್ಯಾನ್ಸಲ್ ಮಾಡಿಸಿ. ಕುಬುಸವನ್ನ ತವರಿನವರೇ ಇಲ್ಲಿಗೆ ಬಂದು ಮಾಡ್ಲಿ.

ಸುರಪುರದಾಕಿ
ಹಂಗೇನಾರ ಆದ್ರ ನನಗ ತಿಳಿಸ್ರಿ ಅಕ್ಕಾರ. ನಾ ನಾಗವಾರದಾಗ ಇರ್ತೀನಿ, ರೊಟ್ಟಿ ಮಾಡ್ಕೊಂಡು ಬರ್ತೀನಿ.